ಮೊನೆಯೂ ಕಚ್ಚೂ: ಕೈಬಂದೂಕಿನ ಗುರಿಯ ಕಥೆ

ಪ್ರಯಾಗದ ವಸ್ತುಸಂಗ್ರಹಾಲಯದಲ್ಲಿ ಚಂದ್ರಶೇಖರ ಆಜಾದರ ಪಿಸ್ತೂಲು ಇದೆ. 1931ರ ಫೆಬ್ರವರಿ 27ರಂದು ಅಲ್ಲಿನ ಆಲ್‌ಫ್ರೆಡ್ ಉದ್ಯಾನದಲ್ಲಿ ಪೊಲೀಸರು ಸುತ್ತುವರಿದಾಗ ಅವರ ಕೈಯಲ್ಲಿದ್ದದ್ದು ಅದೇ. ಅಮೆರಿಕದ ಕೋಲ್ಟ್ ಕಂಪನಿಯ 1903ರ ಮಾದರಿ; .32 ಅಳತೆಯ ಗುಂಡಿನದು. ವಿನ್ಯಾಸ ಜಾನ್ ಮೋಸೆಸ್ ಬ್ರೌನಿಂಗ್ ಅವರದು. ಅದನ್ನು ಕಂಡವರೆಲ್ಲ ಆಜಾದರು ತಮಗಾಗಿ ಉಳಿಸಿಕೊಂಡ ಕೊನೆಯ ಗುಂಡನ್ನು ನೆನೆಯುತ್ತಾರೆ. ಅದು ಸಹಜವೇ. ಆದರೆ ಆ ಮಾದರಿಯ ಚಿತ್ರವನ್ನು ನೋಡುವಾಗಲೆಲ್ಲ ನನ್ನ ದೃಷ್ಟಿ ಹೋಗಿ ನಿಲ್ಲುವುದು ಅದರ ಬೆನ್ನಿನ ಮೇಲಿರುವ ಎರಡು ಅತಿ ಸಣ್ಣ ಲೋಹದ ತುಣುಕುಗಳ ಮೇಲೆ. ತುದಿಯಲ್ಲೊಂದು ಮೊನೆ, ಹಿಂಬದಿಯಲ್ಲೊಂದು ಕಚ್ಚು. ಗುರಿ ಹಿಡಿಯುವುದಕ್ಕೆಂದು ಇರುವ ಸಾಧನ ಅಷ್ಟೇ. ಅಕ್ಕಿಕಾಳಿಗಿಂತ ಹೆಚ್ಚೇನೂ ದೊಡ್ಡದಲ್ಲದ ಈ ಮೊನೆಯನ್ನು, ಗುಂಡುಗಳು ಹಾರಾಡುತ್ತಿರುವಾಗ, ಯಾವ ಮನುಷ್ಯ ನೋಡಿಯಾನು?

ಈ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಬಂದೂಕಿನ ಇತಿಹಾಸ ಬರೆಯುವವರು ಗುಂಡಿನ ಗಾತ್ರ, ನಳಿಕೆಯ ಉದ್ದ, ಎಷ್ಟು ಸುತ್ತು ಹಾರುತ್ತದೆ ಎಂಬುದನ್ನೆಲ್ಲ ಸವಿಸ್ತಾರವಾಗಿ ಬರೆಯುತ್ತಾರೆ; ಮೊನೆ-ಕಚ್ಚುಗಳ ವಿಷಯ ಬಂದಾಗ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಆತ್ಮರಕ್ಷಣೆಯ ಕೈಬಂದೂಕಿನಲ್ಲಿ ಅತ್ಯಂತ ಅಗ್ಗದ, ಅತ್ಯಂತ ಅಲಕ್ಷಿತ ಭಾಗ ಅದೇ ಎಂಬುದು ನನ್ನ ಅಭಿಪ್ರಾಯ.

ಶಾಲೆಯ ಎನ್.ಸಿ.ಸಿ. ಹೊಣೆ ಹೊತ್ತಿದ್ದ ವರ್ಷಗಳಲ್ಲಿ ಮಕ್ಕಳಿಗೆ .22 ರೈಫಲಿನ ಪಾಠ ಹೇಳುತ್ತಿದ್ದೆ. ಕಚ್ಚಿನ ನಡುವೆ ಮೊನೆ, ಮೊನೆಯ ನೆತ್ತಿಯ ಮೇಲೆ ಗುರಿ. ಮೂರೂ ಒಂದೇ ಗೆರೆಯಲ್ಲಿ ಬರಬೇಕು. ಇಷ್ಟೇ ಪಾಠ. ಆದರೆ ಮನುಷ್ಯನ ಕಣ್ಣು ಏಕಕಾಲಕ್ಕೆ ಒಂದೇ ದೂರದ ವಸ್ತುವನ್ನು ಸ್ಪಷ್ಟವಾಗಿ ಕಾಣಬಲ್ಲದು. ಆದ್ದರಿಂದ ಮೊನೆಯನ್ನು ಸ್ಪಷ್ಟವಾಗಿ ನೋಡಿ, ಗುರಿ ಕೊಂಚ ಮಸುಕಾದರೂ ಚಿಂತೆಯಿಲ್ಲ ಎಂದು ಹೇಳಿಕೊಡುವುದು ವಾಡಿಕೆ. ಕಾಗದದ ಗುರಿಯ ಮುಂದೆ ಇದು ಸುಲಭ. ಎದುರಿಗೆ ನಿಂತಿರುವುದು ಕೊಲ್ಲಲು ಬಂದವನಾದರೆ ಕಣ್ಣು ಅವನನ್ನು ಬಿಟ್ಟು ಈ ಮೊನೆಯತ್ತ ಬಂದೀತೆ?

ಬಾರದು ಎಂದೇ ಹತ್ತೊಂಬತ್ತನೆಯ ಶತಮಾನದ ತಯಾರಕರು ಭಾವಿಸಿದ್ದಂತೆ ಕಾಣುತ್ತದೆ. ಕೋಲ್ಟ್ ಕಂಪನಿಯ 1851ರ ನೇವಿ ರಿವಾಲ್ವರಿನಲ್ಲಿ ಹಿಂಬದಿಯ ಕಚ್ಚನ್ನು ಕೊರೆದಿದ್ದದ್ದು ಗುಂಡನ್ನು ಹೊಡೆಯುವ ಸುತ್ತಿಗೆಯ ತಲೆಯಲ್ಲೇ! ಸುತ್ತಿಗೆಯನ್ನು ಹಿಂದಕ್ಕೆ ಎಳೆದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತಿತ್ತು. 1873ರ ಪ್ರಸಿದ್ಧ ರಿವಾಲ್ವರಿನಲ್ಲಿ ಅದೂ ಹೋಗಿ ಮೇಲ್ಪಟ್ಟಿಯ ಉದ್ದಕ್ಕೂ ಒಂದು ಗೀರು ಉಳಿಯಿತು. 1911ರಲ್ಲಿ ಅಮೆರಿಕದ ಸೈನ್ಯ ಸ್ವೀಕರಿಸಿದ ಬ್ರೌನಿಂಗರ .45 ಪಿಸ್ತೂಲು ಎಲ್ಲ ವಿಧದಲ್ಲೂ ಅದ್ಭುತ ಯಂತ್ರವಾಗಿತ್ತು. ಅದರ ಮೊನೆ ಮಾತ್ರ ಎಷ್ಟು ತೆಳುವಾಗಿತ್ತೆಂದರೆ 1920ರ ದಶಕದಲ್ಲಿ ಸುಧಾರಣೆ ಮಾಡಹೊರಟಾಗ ಆದ ಬದಲಾವಣೆಗಳಲ್ಲಿ ಅದನ್ನು ಅಗಲ ಮಾಡಿದ್ದೂ ಒಂದು. ಜೇಬಿನಲ್ಲಿಡುವ ಪಿಸ್ತೂಲುಗಳಲ್ಲಂತೂ ಬಟ್ಟೆಗೆ ಸಿಕ್ಕಿಕೊಳ್ಳಬಾರದೆಂದು ಮೊನೆಯನ್ನು ಸವರಿ ಇಟ್ಟಿದ್ದರು. ಆಜಾದರ ಪಿಸ್ತೂಲು ಈ ಜಾತಿಯದು.

ಅದೇ ಪಿಸ್ತೂಲಿನ ಸೋದರನೊಬ್ಬ ಶಾಂಘೈ ನಗರದಲ್ಲಿ ಬೇರೆಯೇ ಚರಿತ್ರೆಗೆ ಕಾರಣವಾದ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಶಾಂಘೈನ ಅಂತರರಾಷ್ಟ್ರೀಯ ವಸಾಹತು ಎಂಬ ಭಾಗವನ್ನು ವಿದೇಶಿಯರು ಆಳುತ್ತಿದ್ದರು. ಅದಕ್ಕೊಂದು ಪೊಲೀಸ್ ಪಡೆ ಇತ್ತು. ಬ್ರಿಟಿಷರು, ಚೀನೀಯರು, ಜೊತೆಗೆ ನಮ್ಮ ಪಂಜಾಬಿನಿಂದ ಹೋದ ಸಿಖ್ಖರು ಅದರಲ್ಲಿದ್ದರು. ಅಪಹರಣಕಾರರೂ ದರೋಡೆಕೋರರೂ ಪಿಸ್ತೂಲು ಹಿಡಿದು ಓಡಾಡುತ್ತಿದ್ದ ಊರು ಅದು. 1907ರಲ್ಲಿ ಆ ಪಡೆ ಸೇರಿದ ವಿಲಿಯಂ ಫೇರ್‌ಬೇರ್ನ್, ತನ್ನ ಗೆಳೆಯ ಎರಿಕ್ ಸೈಕ್ಸ್ ಜೊತೆಗೂಡಿ, ನೈಜ ಕಾದಾಟಗಳಲ್ಲಿ ಏನು ನಡೆಯುತ್ತದೆಂಬುದನ್ನು ಗಮನಿಸಿ ಶಿಕ್ಷಣಕ್ರಮವನ್ನೇ ಬದಲಿಸಿದ. ಆಯುಧದ ಆಯ್ಕೆಯಲ್ಲೂ ವಿವೇಚನೆಯಿತ್ತು. ವಿದೇಶಿಯರಿಗೆ .45 ಕೋಲ್ಟ್; ಕೈ ಚಿಕ್ಕದೆಂಬ ಕಾರಣಕ್ಕೆ ಚೀನೀ ಪೇದೆಗಳಿಗೆ .380 ಕೋಲ್ಟ್. ಈ ಎರಡನೆಯದು ಆಜಾದರ ಪಿಸ್ತೂಲಿನದೇ ವಿನ್ಯಾಸ, ಗುಂಡಿನ ಅಳತೆ ಮಾತ್ರ ಬೇರೆ. ಗಾಬರಿಯಲ್ಲಿ ಮರೆತುಹೋಗುವ ಸುರಕ್ಷಾ ಕೀಲನ್ನು ಕೆಲಸ ಮಾಡದಂತೆ ಬಿಗಿದು, ನಳಿಕೆಯನ್ನು ಖಾಲಿ ಇಟ್ಟುಕೊಂಡು ತಿರುಗುವ ಪದ್ಧತಿಯನ್ನು ತಂದರು.

ಗುರಿಯ ವಿಷಯದಲ್ಲಿ ಅವರ ತೀರ್ಪು ಕಟುವಾಗಿತ್ತು. ಬಹುಪಾಲು ಕಾದಾಟಗಳು ನಾಲ್ಕು ಗಜಕ್ಕಿಂತ ಹತ್ತಿರದಲ್ಲಿ, ಅರೆಬೆಳಕಿನಲ್ಲಿ, ಕ್ಷಣಾರ್ಧದಲ್ಲಿ ಮುಗಿಯುತ್ತವೆ. ಅಲ್ಲಿ ಮೊನೆ ನೋಡುವ ವ್ಯವಧಾನವಿರುವುದಿಲ್ಲ. ಬೆರಳಿನಿಂದ ಒಂದು ವಸ್ತುವನ್ನು ತೋರಿಸುವಷ್ಟು ಸಹಜವಾಗಿ ಪಿಸ್ತೂಲನ್ನು ತೋರಿಸಿ ಹೊಡೆಯಬೇಕು. 1942ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ದೂರದ ಗುರಿಗೆ ಎರಡು ಕೈ ಬಳಸಿ ಮೊನೆ ನೋಡಿಯೇ ಹೊಡೆಯಬೇಕೆಂದೂ ಅಲ್ಲಿಯೇ ಹೇಳಿದ್ದಾರೆ. ಅನುಯಾಯಿಗಳು ಮೊದಲನೆಯ ಮಾತನ್ನು ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು. ಗುರುಗಳ ಪಾಡೇ ಇಷ್ಟು!

ನನಗೆ ಈ ವಾದ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ನಾಲ್ಕು ಗಜದಲ್ಲಿ ಅವರ ಮಾತು ಸರಿ. ಆದರೆ ಶಾಂಘೈನ ಬೀದಿಗಳು ಜನಭರಿತ. ಗುರಿ ತಪ್ಪಿದ ಗುಂಡು ಗಾಳಿಯಲ್ಲಿ ಕರಗುವುದಿಲ್ಲ; ಅದು ಯಾರದೋ ಅಂಗಡಿಗೆ, ಯಾರದೋ ಮೈಗೆ ಹೋಗಿ ತಗಲುತ್ತದೆ. ಪೊಲೀಸನ ಪ್ರಾಣದ ಲೆಕ್ಕವನ್ನು ಅವನ ಮೇಲಧಿಕಾರಿಗಳು ಇಟ್ಟಿದ್ದರು. ದಾರಿಹೋಕನ ಪ್ರಾಣದ ಲೆಕ್ಕ ಇಟ್ಟವರಾರು? ಇದೇ ನಗರದಲ್ಲಿ 1925ರ ಮೇ 30ರಂದು ಇದೇ ಪಡೆಯ ಸಿಖ್ ಮತ್ತು ಚೀನೀ ಪೇದೆಗಳು ಬ್ರಿಟಿಷ್ ಅಧಿಕಾರಿಯ ಆಜ್ಞೆಯಂತೆ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿ ಹಲವರನ್ನು ಕೊಂದು, ಚೀನಾದಾದ್ಯಂತ ಕಿಚ್ಚು ಹಬ್ಬಿತು ಎಂಬುದನ್ನೂ ಮರೆಯಲಾಗದು. ಅಲ್ಲಿ ಗುರಿ ಹಿಡಿಯುವ ವಿದ್ಯೆಯ ಪ್ರಶ್ನೆಯೇ ಇರಲಿಲ್ಲ. ರಕ್ಷಣೆ ಯಾರದು ಎಂಬುದಷ್ಟೇ ಪ್ರಶ್ನೆ.

ಮತ್ತೊಂದು ಪಕ್ಷದ ವಾದ ಹುಟ್ಟಿದ್ದು ಕ್ಯಾಲಿಫೋರ್ನಿಯದ ಬಿಗ್ ಬೇರ್ ಎಂಬ ಬೆಟ್ಟದೂರಿನಲ್ಲಿ, 1950ರ ದಶಕದ ಕೊನೆಯಲ್ಲಿ. ಜೆಫ್ ಕೂಪರ್ ಎಂಬ ಮಾಜಿ ಸೈನಿಕರು ಅಲ್ಲಿ ಸ್ಪರ್ಧೆಗಳನ್ನು ಏರ್ಪಡಿಸುತ್ತಿದ್ದರು. (ಇವರು ಕೆಲಕಾಲ ಶಾಲೆಯಲ್ಲಿ ಇತಿಹಾಸದ ಮೇಷ್ಟರಾಗಿದ್ದರು. ನಮ್ಮ ವೃತ್ತಿಯವರು ಎಲ್ಲೆಲ್ಲಿ ಹೋಗಿ ಏನೇನು ಮಾಡುತ್ತಾರೋ!) ಏಳು ಗಜ ದೂರದ ಬಲೂನನ್ನು ಯಾರು ಬೇಗ ಒಡೆಯುತ್ತಾರೆ ಎಂಬುದು ಆಟ. ಬಹುತೇಕರು ಸೊಂಟದ ಬಳಿಯಿಂದಲೇ, ಒಂದೇ ಕೈಯಲ್ಲಿ, ಮಿಂಚಿನಂತೆ ಹಾರಿಸುತ್ತಿದ್ದರು, ಮಿಂಚಿನಂತೆಯೇ ತಪ್ಪುತ್ತಿದ್ದರು. ಲಾಸ್ ಏಂಜಲಿಸ್ ಕೌಂಟಿಯ ಡೆಪ್ಯುಟಿ ಶೆರಿಫ್ ಜ್ಯಾಕ್ ವೀವರ್ ಎಂಬಾತ ಮಾತ್ರ ರಿವಾಲ್ವರನ್ನು ಎರಡೂ ಕೈಗಳಲ್ಲಿ ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಮೊನೆಯನ್ನು ನೋಡಿ ಹೊಡೆಯಲಾರಂಭಿಸಿದ. ತುಸು ನಿಧಾನ, ಆದರೆ ಬಲೂನು ಒಡೆಯುತ್ತಿತ್ತು. 1959ರಲ್ಲಿ ಗೆದ್ದವನು ಅವನೇ. ಅವನ ಕೈಯಲ್ಲಿದ್ದದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ ಕೆ-38, ಎಂದರೆ ಗುರಿಸ್ಪರ್ಧೆಗೆಂದೇ ಮಾಡಿದ, ತಿರುಪಿನಿಂದ ಸರಿಹೊಂದಿಸಬಲ್ಲ ಕಚ್ಚು ಇರುವ ರಿವಾಲ್ವರು. ಅವನ ಗೆಲುವಿನಲ್ಲಿ ಈ ಕಚ್ಚಿಗೂ ಪಾಲಿದೆ ಎಂದು ನಾನು ನಂಬುತ್ತೇನೆ. ಕೂಪರ್ ಇದನ್ನು ಕಂಡು ತಮ್ಮ ಅಭಿಪ್ರಾಯವನ್ನೇ ತಿದ್ದಿಕೊಂಡರು. ಒಂದು ಕ್ಷಣ ಮೊನೆಯತ್ತ ಕಣ್ಣು ಹಾಯಿಸಿದರೂ ಸಾಕು ಎಂಬ ಸಿದ್ಧಾಂತ ಕಟ್ಟಿ, 1976ರಲ್ಲಿ ಅರಿಜೋನಾದಲ್ಲಿ ಶಾಲೆಯನ್ನೇ ತೆರೆದರು.

ನೋಡಬೇಕೆಂದು ತೀರ್ಮಾನವಾದ ಮೇಲೆ, ನೋಡಲು ಯೋಗ್ಯವಾದದ್ದು ಬೇಕಲ್ಲ? ಹಳೆಯ .45 ಪಿಸ್ತೂಲಿನ ಮೊನೆಯನ್ನು ತೆಗೆದು ಎತ್ತರದ್ದನ್ನು ಕೂರಿಸುವುದು ಅಲ್ಲಿನ ಕಮ್ಮಾರರಿಗೆ ದೊಡ್ಡ ಕಸುಬಾಯಿತು. ಇಲ್ಲಿ ನಮ್ಮ ಶಾಲೆಯ ಸಮರೂಪ ತ್ರಿಭುಜಗಳು ಕೆಲಸಕ್ಕೆ ಬರುತ್ತವೆ. ಆ ಪಿಸ್ತೂಲಿನಲ್ಲಿ ಕಚ್ಚಿಗೂ ಮೊನೆಗೂ ಇರುವ ಅಂತರ ಸುಮಾರು 165 ಮಿಲಿಮೀಟರು. ಗುರಿ 25 ಮೀಟರು ದೂರದಲ್ಲಿದ್ದರೆ ಇದು ಸುಮಾರು 150 ಪಟ್ಟು. ಕಚ್ಚು ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೆ ಗುಂಡು 15 ಸೆಂಟಿಮೀಟರು ಪಕ್ಕಕ್ಕೆ ಹೋಗುತ್ತದೆ! ಏಳು ಮೀಟರಿನಲ್ಲಾದರೆ ನಾಲ್ಕು ಸೆಂಟಿಮೀಟರು ಮಾತ್ರ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ಮರದೆತ್ತರದ ತೆಂಗಿನಕಾಯಿಗೆ ಗುರಿಯಿಡುವವರ ಕೈಯಲ್ಲಿರುವುದು ಉದ್ದನೆಯ ಕೋವಿ. ಅಲ್ಲಿ ಅಷ್ಟೇ ತಪ್ಪಿಗೆ ದಂಡ ಎಷ್ಟೋ ಕಡಿಮೆ.

ಸರಿಪಡಿಸುವ ಸೂತ್ರವೂ ಇದರಿಂದಲೇ ಬರುತ್ತದೆ. ಗುಂಡು ಎಡಕ್ಕೆ ಬೀಳುತ್ತಿದ್ದರೆ ಹಿಂಬದಿಯ ಕಚ್ಚನ್ನು ಬಲಕ್ಕೆ ಸರಿಸಬೇಕು; ಗುಂಡು ಹೋಗಬೇಕಾದ ದಿಕ್ಕಿಗೇ ಕಚ್ಚು ಹೋಗಬೇಕು. ಮುಂದಿನ ಮೊನೆಯದು ಇದರ ತದ್ವಿರುದ್ಧ. ಮೊನೆಯ ಎತ್ತರವನ್ನು ಅರದಿಂದ ಉಜ್ಜಿ ಇಳಿಸಿದರೆ ಗುಂಡು ಮೇಲಕ್ಕೆ ಹೋಗುತ್ತದೆ. ಎತ್ತರದ ಮೊನೆ ಕೂರಿಸಿದರೆ ಕೆಳಕ್ಕೆ. ಉಜ್ಜಿದ ಲೋಹವನ್ನು ಮತ್ತೆ ಅಂಟಿಸಲಾಗದಾದ್ದರಿಂದ ನುರಿತ ಕಮ್ಮಾರರು ಒಂದೊಂದು ಸವರಿಗೂ ಒಮ್ಮೆ ಹಾರಿಸಿ ನೋಡುತ್ತಾರೆ.

ನಮ್ಮ ದೇಶದಲ್ಲಿ ಆಯ್ಕೆಯ ಪ್ರಶ್ನೆಯೇ ಬೇರೆ. 1959ರ ಆಯುಧ ಕಾಯಿದೆಯ ವ್ಯವಸ್ಥೆಯಲ್ಲಿ ಸೈನ್ಯ ಮತ್ತು ಪೊಲೀಸರು ಬಳಸುವ 9 ಮಿ.ಮೀ., .38 ಅಳತೆಗಳು ಸಾಮಾನ್ಯರಿಗೆ ನಿಷಿದ್ಧ. ಪರವಾನಗಿ ಪಡೆದವರಿಗೆ ಸಿಗುವುದು ಮುಖ್ಯವಾಗಿ .32 ಮತ್ತು .22. ಆಜಾದರ ಪಿಸ್ತೂಲಿನ ಅಳತೆಯೇ, ಕಾನೂನಿನ ದೆಸೆಯಿಂದ, ಇಂದಿಗೂ ಭಾರತೀಯನ ಅಳತೆಯಾಗಿ ಉಳಿದಿದೆ. 2014ರಲ್ಲಿ ಕಾನ್ಪುರದ ಸರಕಾರಿ ಕಾರ್ಖಾನೆ, ದಿಲ್ಲಿಯ 2012ರ ಘೋರ ಘಟನೆಯ ತರುವಾಯ, ಮಹಿಳೆಯರಿಗೆಂದು ‘ನಿರ್ಭೀಕ್’ ಎಂಬ .32 ರಿವಾಲ್ವರನ್ನು ಹೊರತಂದಿತು. ತೂಕ ಅರ್ಧ ಕಿಲೋ, ಬೆಲೆ ಒಂದು ಲಕ್ಷ 22 ಸಾವಿರ ರೂಪಾಯಿಗೂ ಮೇಲೆ. ಪತ್ರಿಕೆಗಳು ಹೆಸರು, ತೂಕ, ಬೆಲೆ ಎಲ್ಲವನ್ನೂ ಬರೆದವು. ನಾನು ಓದಿದ ಯಾವ ವರದಿಯಲ್ಲೂ ಅದರ ಮೊನೆಯ ಬಗ್ಗೆ ಒಂದು ಪದವಿರಲಿಲ್ಲ. ಅಭ್ಯಾಸಕ್ಕೆ ಆಕೆ ಎಲ್ಲಿಗೆ ಹೋಗಬೇಕು ಎಂಬುದರ ಬಗ್ಗೆಯೂ ಇರಲಿಲ್ಲ.

ಇತ್ತೀಚಿನ ಅಧ್ಯಾಯ ಬೆಳಕಿನದು. 1980ರ ದಶಕದಿಂದ ಟ್ರಿಟಿಯಂ ಅನಿಲ ತುಂಬಿದ ಸಣ್ಣ ಗಾಜಿನ ನಳಿಗೆಗಳನ್ನು ಮೊನೆ-ಕಚ್ಚುಗಳಲ್ಲಿ ಹುದುಗಿಸುವುದು ಹೆಚ್ಚಿತು. ಕತ್ತಲಲ್ಲಿ ಅವು ಹಸಿರಾಗಿ ಮಿನುಗುತ್ತವೆ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12 ವರ್ಷ. ಅಷ್ಟರಲ್ಲಿ ಬೆಳಕು ಅರ್ಧಕ್ಕಿಳಿಯುತ್ತದೆ, ಬದಲಿಸಬೇಕಾಗುತ್ತದೆ. ಅನಂತರ ಬಂದದ್ದು ಪುಟ್ಟ ಗಾಜಿನ ಮೇಲೆ ಮೂಡುವ ಕೆಂಪು ಚುಕ್ಕೆ. 2017ರಲ್ಲಿ ಅಮೆರಿಕದ ಸೈನ್ಯ ಆರಿಸಿಕೊಂಡ ಪಿಸ್ತೂಲಿನ ಬೆನ್ನಿನ ಮೇಲೆಯೇ ಅದನ್ನು ಕೂರಿಸಲು ಜಾಗ ಮಾಡಿಟ್ಟಿದ್ದಾರೆ. ಈ ಚುಕ್ಕೆ ಕಣ್ಣಿಗೆ ಗುರಿಯಷ್ಟೇ ದೂರದಲ್ಲಿರುವಂತೆ ಕಾಣುತ್ತದೆ. ಆದ್ದರಿಂದ ಮೊನೆಯನ್ನು ನೋಡಲೋ ಮನುಷ್ಯನನ್ನು ನೋಡಲೋ ಎಂಬ ಇಕ್ಕಟ್ಟೇ ಇಲ್ಲ. ಎದುರಿನವನನ್ನು ನೋಡುತ್ತಲೇ ಚುಕ್ಕೆಯನ್ನೂ ಕಾಣಬಹುದು. ನಲವತ್ತೈದು ದಾಟಿ, ಕೈಯಳತೆಯ ಮೊನೆ ಮಸುಕಾಗತೊಡಗಿದವರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಕನ್ನಡಕವಿಲ್ಲದೆ ಪಂಚಾಂಗ ಓದಲಾರದ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಚುಕ್ಕೆ ನಡೆಯುವುದು ಬ್ಯಾಟರಿಯಿಂದ. ಹಾಗಾಗಿ ಅನೇಕರು ಈಗಲೂ ಅದರಡಿಯಲ್ಲಿ, ಗಾಜಿನ ಮೂಲಕ ಕಾಣುವಷ್ಟು ಎತ್ತರದ, ಹಳೆಯ ಕಬ್ಬಿಣದ ಮೊನೆಯನ್ನೂ ಕಚ್ಚನ್ನೂ ಕೂರಿಸಿಯೇ ಇಟ್ಟುಕೊಳ್ಳುತ್ತಾರೆ.