ಹಂತಕನು ಸಿಕ್ಕದ ಕೊಲೆಗಳು: ಪೂರ್ವ ಲಂಡನ್ನಿನ ಕಾಗದಪತ್ರಗಳು

ಕೊಲೆಯ ವೃತ್ತಾಂತವು ಸಂಶೋಧನ ಪತ್ರಿಕೆಗೆ ತಕ್ಕ ವಿಷಯವೇ ಎಂದು ವಾಚಕರಲ್ಲಿ ಕೆಲವರಾದರೂ ಕೇಳದಿರಲಾರರು. ಪ್ರಶ್ನೆ ನ್ಯಾಯವಾದದ್ದೇ. 1888ರ ಆಗಸ್ಟ್ 31ರಿಂದ ನವೆಂಬರ್ 9ರವರೆಗಿನ ಹತ್ತು ವಾರಗಳಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಮತ್ತು ಅದರ ನೆರೆಯ ಕೇರಿಗಳಲ್ಲಿ ಐವರು ಬಡ ಹೆಂಗಸರು ಕೊಲೆಯಾದರು. ಕೊಂದವನು ಯಾರೆಂಬುದು ಇಂದಿಗೂ ಸಿದ್ಧವಾಗಿಲ್ಲ. ಐದೂ ಒಬ್ಬನದೇ ಕೃತ್ಯವೆಂಬ ಮಾತು ಕೂಡ ಬಹುಜನಸಮ್ಮತವೇ ಹೊರತು ನಿರ್ವಿವಾದವಲ್ಲ. 'ಜ್ಯಾಕ್ ದಿ ರಿಪ್ಪರ್' ಎಂಬ ಹೆಸರು ಒಂದು ಸುದ್ದಿಸಂಸ್ಥೆಗೆ ಬಂದ ಪತ್ರದ ಸಹಿಯಿಂದ ಹುಟ್ಟಿತು. ಅದು ಪತ್ರಕರ್ತನೊಬ್ಬನ ಕೈವಾಡವೆಂದು ಪೋಲೀಸು ಅಧಿಕಾರಿಗಳೇ ಮುಂದೆ ಬರೆದಿಟ್ಟಿದ್ದಾರೆ. ಆ ಹೆಸರಿನ ಸುತ್ತ ಬೆಳೆದಿರುವ ಪುಸ್ತಕರಾಶಿಯಲ್ಲಿ ಬಹುಪಾಲು ನಮಗೆ ಬೇಡವಾದದ್ದು. ಆದರೆ ಈ ಪ್ರಕರಣದಲ್ಲಿ ಯಾವ ಕಾಗದ ಉಳಿಯಿತು, ಯಾವುದು ಅಳಿಯಿತು, ಏಕೆ ಎಂಬ ವಿಚಾರವು ಸ್ಥಳೀಯ ಇತಿಹಾಸವನ್ನು ಬರೆಯಹೊರಡುವ ಯಾರಿಗಾದರೂ ಪ್ರಯೋಜನಕರವಾದದ್ದು.

ಮುಂಬಯಿಯಲ್ಲಿ ನೆಲಸಿದ ಹಿರಿಯರಿಗೆ ಕೊರೋನರ್ ಎಂಬ ಅಧಿಕಾರಿಯ ಪರಿಚಯವಿರುತ್ತದೆ. ಇಂಗ್ಲೆಂಡಿನಿಂದ ಬಂದ ಆ ಪದ್ಧತಿ 1871ರ ಕಾಯಿದೆಯ ಆಧಾರದ ಮೇಲೆ ಆ ನಗರದಲ್ಲಿ 1999ರವರೆಗೂ ನಡೆದುಬಂದಿತು. ಸಂಶಯಾಸ್ಪದ ಮರಣವಾದಾಗ ಪಂಚರನ್ನು ಕೂಡಿಸಿಕೊಂಡು ವಿಚಾರಣೆ ನಡೆಸುವುದು ಆತನ ಕೆಲಸ. ಶವವು ಯಾರ ಎಲ್ಲೆಯಲ್ಲಿ ಇದೆಯೋ ಆತನದೇ ಅಧಿಕಾರ. ಈ ಸಣ್ಣ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು.

ಐವರಲ್ಲಿ ಮೇರಿ ಆ್ಯನ್ ನಿಕೋಲ್ಸ್, ಆ್ಯನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್ ಈ ಮೂವರ ಮರಣದ ವಿಚಾರಣೆಯನ್ನು ನಡೆಸಿದವನು ವಿನ್ ಬ್ಯಾಕ್ಸ್‌ಟರ್. ಆತ ದಿನಗಟ್ಟಲೆ ಸಾಕ್ಷಿಗಳನ್ನು ಕೇಳಿದ ಶ್ರಮಜೀವಿ. ಆದರೆ ಆತನ ಮೂಲ ಕಾಗದಗಳು ಉಳಿದಿಲ್ಲ; ಸಂಶೋಧಕರು ಅಂದಿನ ವೃತ್ತಪತ್ರಿಕೆಗಳ ವರದಿಗಳನ್ನು ಒಂದಕ್ಕೊಂದು ತಾಳೆ ನೋಡಿ ಕೆಲಸ ಸಾಗಿಸಬೇಕಾಗಿದೆ. ಕ್ಯಾಥರೀನ್ ಎಡೋಸಳು ಸತ್ತ ಮೈಟರ್ ಚೌಕವು ಪ್ರಾಚೀನ 'ಸಿಟಿ'ಯ ಎಲ್ಲೆಯೊಳಗೆ ಬಿದ್ದಿತು. ಅಲ್ಲಿಗೆ ಪೋಲೀಸು ದಳವೂ ಬೇರೆ, ಕೊರೋನರನೂ ಬೇರೆ. ಆ ದಫ್ತರ ಸುರಕ್ಷಿತವಾಗಿ ಉಳಿದು, ಇಂದು 'ಲಂಡನ್ ಆರ್ಕೈವ್ಸ್' ಎಂಬ ಪತ್ರಾಗಾರದಲ್ಲಿದೆ. ಮೇರಿ ಜೇನ್ ಕೆಲ್ಲಿ ಸತ್ತದ್ದು ಸ್ಪಿಟಲ್‌ಫೀಲ್ಡ್ಸಿನಲ್ಲಿ. ಶವವನ್ನು ಒಯ್ದದ್ದು ಶೋರ್‌ಡಿಚ್ಚಿನ ಶವಾಗಾರಕ್ಕೆ. ಇದು ನಮ್ಮ ಕೇರಿಯ ಕೊಲೆಯಲ್ಲವೆಂದು ಅಲ್ಲಿಯ ಪಂಚರು ಗೊಣಗಿದರೂ, ಅಲ್ಲಿಯ ಕೊರೋನರ್ ಮ್ಯಾಕ್‌ಡೊನಾಲ್ಡನು ನವೆಂಬರ್ 12ರಂದು ಒಂದೇ ದಿನದಲ್ಲಿ ವಿಚಾರಣೆಯನ್ನು ಮುಗಿಸಿಬಿಟ್ಟ. ಆ ಅವಸರವನ್ನು ಇತಿಹಾಸಕಾರರು ಇಂದಿಗೂ ಆಡಿಕೊಳ್ಳುತ್ತಾರೆ. ಆದರೆ ವಿಧಿವಿಲಾಸವೆಂದರೆ, ಅವಸರದವನ ಕಾಗದ ಉಳಿಯಿತು, ಶ್ರದ್ಧಾವಂತನದು ಹೋಯಿತು. ಹೆಣದ ಗಾಡಿ ಯಾವ ಬೀದಿಗೆ ತಿರುಗಿತೆಂಬುದರ ಮೇಲೆ ನಮ್ಮ ಜ್ಞಾನದ ಮೇರೆ ನಿಂತಿದೆ.

ಸೆಪ್ಟೆಂಬರ್ 30ರ ರಾತ್ರಿಯ ಕಾಗದಗಳು ಎಲ್ಲಕ್ಕಿಂತ ಸ್ವಾರಸ್ಯಕರವಾದವು. ಬರ್ನರ್ ಬೀದಿಯಲ್ಲಿ ಒಂದು ಗಂಟೆಗೆ ಸ್ಟ್ರೈಡಳ ಶವ ಸಿಕ್ಕಿತು. ಮೈಟರ್ ಚೌಕದಲ್ಲಿ ಒಂದೂಮುಕ್ಕಾಲಿಗೆ ಎಡೋಸಳದು. ಎರಡರ ನಡುವಣ ದೂರ ಮುಕ್ಕಾಲು ಮೈಲಿ, ಹನ್ನೆರಡು ನಿಮಿಷದ ನಡಿಗೆ ಎಂದು ಫ್ರೆಡರಿಕ್ ಫಾಸ್ಟರ್ ಎಂಬ ಸರ್ವೇಯರನು ನಕ್ಷೆಯೊಡನೆ ಸಾಕ್ಷಿ ನುಡಿದ. ಎಡೋಸಳನ್ನು ಕುಡಿದು ಬಿದ್ದಿದ್ದಳೆಂದು ಹಿಂದಿನ ಸಂಜೆ ಠಾಣೆಗೆ ಒಯ್ದಿದ್ದ ಪೋಲೀಸರು ಬಿಟ್ಟು ಕಳಿಸಿದ್ದೂ ಅದೇ ಒಂದು ಗಂಟೆಯ ಸುಮಾರಿಗೆ. ಆಕೆಯ ಏಪ್ರನ್ನಿನ ಹರಿದ ತುಂಡೊಂದು ಎರಡು ಗಂಟೆ ಐವತ್ತೈದು ನಿಮಿಷಕ್ಕೆ ಗೋಲ್‌ಸ್ಟನ್ ಬೀದಿಯ ಒಂದು ಬಾಗಿಲಲ್ಲಿ ಸಿಕ್ಕಿತು. ಮೇಲಿನ ಗೋಡೆಯಲ್ಲಿ ಯೆಹೂದ್ಯರನ್ನು ಕುರಿತು ಸೀಮೆಸುಣ್ಣದ ಬರಹವಿತ್ತು. ಛಾಯಾಚಿತ್ರ ತೆಗೆಯಬೇಕೆಂದು ಸಿಟಿ ಪೋಲೀಸರ ಹಟ. ಆದರೆ ಬೀದಿ ಮೆಟ್ರೊಪಾಲಿಟನ್ ಪೋಲೀಸರ ಎಲ್ಲೆಯದು. ಬೆಳಗಾದರೆ ಜನ ನೋಡಿ ಯೆಹೂದ್ಯರ ಮೇಲೆ ದೊಂಬಿಯೇಳುವರೆಂದು ಕಮಿಷನರ್ ಸರ್ ಚಾರ್ಲ್ಸ್ ವಾರನ್ನನೇ ನಿಂತು ಅದನ್ನು ಅಳಿಸಿಹಾಕಿಸಿದ. ನವೆಂಬರ್ 6ರಂದು ಆತ ಗೃಹಖಾತೆಗೆ ಬರೆದ ಸಮಜಾಯಿಷಿ ಕ್ಯೂ ಎಂಬಲ್ಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಫಲವಾಗಿ ನಮಗೆ ಉಳಿದಿರುವುದು ಇಬ್ಬರು ಪೋಲೀಸರ ಬೇರೆಬೇರೆ ಪಾಠಗಳು. ಅವುಗಳಲ್ಲಿ 'ಅಲ್ಲ' ಎಂಬರ್ಥದ ಪದ ನಿಂತ ಜಾಗವೇ ಒಂದಲ್ಲ. ಗ್ರಂಥಸಂಪಾದನೆ ಬಲ್ಲವರಿಗೆ ಈ ಸಂಕಟ ಹೊಸದಲ್ಲ. ಮೂಲಪ್ರತಿ ನಷ್ಟವಾಗಿ, ಎರಡು ಪಾಠಾಂತರಗಳು ಮಾತ್ರ ಉಳಿದಂತೆ. ಬರಹ ಕೊಲೆಗಾರನದೇ ಎಂದು ಹೇಳಲೂ ಆಧಾರವಿಲ್ಲ. ವಾರನ್ನನನ್ನು ಮೂರ್ಖನೆನ್ನುವುದು ವಾಡಿಕೆಯಾಗಿದೆ. ಒಂದು ದೊಂಬಿಯ ಬೆಲೆಗೆ ಒಂದು ಛಾಯಾಚಿತ್ರವನ್ನು ಕೊಳ್ಳಲು ನಾನಾದರೂ ಒಪ್ಪುತ್ತಿರಲಿಲ್ಲ.

ಅಧಿಕಾರಿಯ ಕೈಬರಹವೆಂದ ಮಾತ್ರಕ್ಕೆ ನಂಬುವಂತಿಲ್ಲವೆಂಬುದಕ್ಕೆ ಮ್ಯಾಕ್‌ನಾಟನ್ ಎಂಬ ಪೋಲೀಸು ಅಧಿಕಾರಿಯ 1894ರ ಟಿಪ್ಪಣಿ ಸಾಕು. ಡ್ರುಯಿಟ್ ಎಂಬ 'ವೈದ್ಯ'ನ ಮೇಲೆ ಅದರಲ್ಲಿ ಸಂಶಯ ತೋರಿಸಿದೆ; ವಯಸ್ಸು ನಲವತ್ತೊಂದರ ಸುಮಾರೆಂದು ಅದರ ಇನ್ನೊಂದು ಪ್ರತಿ ಹೇಳುತ್ತದೆ. ಸ್ಥಳೀಯ ದಾಖಲೆಗಳನ್ನು ತೆರೆದವರಿಗೆ ಕಂಡದ್ದು ಮೂವತ್ತೊಂದು ವರ್ಷದ ಬ್ಯಾರಿಸ್ಟರ್, ಬ್ಲ್ಯಾಕ್‌ಹೀತ್ ಶಾಲೆಯೊಂದರ ಉಪಾಧ್ಯಾಯ. ಚಾಪ್‌ಮನ್ ಸತ್ತ ಸೆಪ್ಟೆಂಬರ್ 8ರ ಬೆಳಗ್ಗೆಯೇ ಅಲ್ಲಿ ಕ್ರಿಕೆಟ್ಟಿಗೆ ಇಳಿದವನು. ಅದು ನಿರಪರಾಧಿತ್ವದ ಪೂರ್ಣ ಪ್ರಮಾಣವಲ್ಲ, ನಿಜ. ಇತ್ತೀಚೆಗೆ, ನಿಕೋಲ್ಸಳ ಶವವನ್ನು ಮೊದಲು ಕಂಡ ಗಾಡಿಯಾಳು ಕ್ರಾಸ್ ಎಂಬವನ ನಿಜವಾದ ಹೆಸರು ಲೆಚ್‌ಮಿಯರ್ ಎಂದು ಗೊತ್ತಾದೊಡನೆ, ಆತನೇ ಹಂತಕನೆಂಬ ವಾದ ಎದ್ದಿತು. ಆದರೆ ಆತನ ಮಲತಂದೆಯ ಹೆಸರು ಕ್ರಾಸ್. ಬಾಲ್ಯದಲ್ಲಿ, 1861ರ ಜನಗಣತಿಯಲ್ಲಿ, ಆತನನ್ನು ಅದೇ ಹೆಸರಿನಿಂದ ಬರೆದಿದೆ. ಎರಡು ಹೆಸರಿನವರೆಲ್ಲ ಕೊಲೆಗಡುಕರಾದರೆ ನಮ್ಮ ಎಷ್ಟು ಮನೆತನಗಳು ಉಳಿದಾವು?

ಸ್ಥಳಗಳನ್ನು ನೋಡಹೋದವರಿಗೆ ದೊರೆಯುವುದು ಅತ್ಯಲ್ಪ. ನಿಕೋಲ್ಸ್ ಸತ್ತ ಬಕ್ಸ್ ರೋ 1892ರಲ್ಲಿ ಡರ್ವರ್ಡ್ ಬೀದಿಯಾಯಿತು. ಚಾಪ್‌ಮನ್ ಸತ್ತ ಮನೆ ಮದ್ಯದ ಕಾರ್ಖಾನೆಯ ಕಟ್ಟಡಕ್ಕಾಗಿ ನೆಲಸಮವಾಯಿತು.

ಹೀಗೆ ಹಂತಕನ ವಿಷಯದಲ್ಲಿ ಬರಿಗೈಯಾದ ಪತ್ರಾಗಾರವು ಹತರಾದವರ ವಿಷಯದಲ್ಲಿ ಧಾರಾಳಿ. ನಿಕೋಲ್ಸಳ ಗುರುತು ಹತ್ತಿದ್ದೇ ಒಳಲಂಗದ ಮೇಲಿದ್ದ ಲ್ಯಾಂಬೆತ್ ವರ್ಕ್‌ಹೌಸಿನ ಮುದ್ರೆಯಿಂದ. ಎಡೋಸಳ ಮೈಮೇಲಿದ್ದ ಸಾಮಾನುಗಳ ಯಾದಿಯನ್ನು ಪೋಲೀಸರು ಮಾಡಿದ್ದಾರೆ: ಚಹದ ಡಬ್ಬಿ, ಸಕ್ಕರೆಯ ಡಬ್ಬಿ, ಸಾಬೂನಿನ ಚೂರು, ಎರಡು ಮಣ್ಣಿನ ಚಿಲುಮೆ, ಒಂದೇ ಒಂದು ಕೆಂಪು ಕೈಚೀಲು, ಗಿರವಿಯ ಚೀಟಿಗಳು. ಇದ್ದ ಆಸ್ತಿಯೆಲ್ಲವನ್ನೂ ಮೈಮೇಲೆ ಹೊತ್ತು ತಿರುಗಿದವಳ ಸಂಸಾರವಿದು. ಯಾವ ಹಂತಕನ ಚಿತ್ರವೂ ಇಷ್ಟು ಸ್ಪಷ್ಟವಾಗಿ ನಮಗೆ ಸಿಕ್ಕಿಲ್ಲ. ಹ್ಯಾಲಿ ರೂಬೆನ್‌ಹೋಲ್ಡ್ 2019ರಲ್ಲಿ ಪ್ರಕಟಿಸಿದ ಗ್ರಂಥ ಈ ಐವರ ಬಾಳನ್ನೇ ವಸ್ತುವಾಗಿ ಮಾಡಿಕೊಂಡಿತು. ಅದರ ಕೆಲವು ತೀರ್ಮಾನಗಳ ಬಗ್ಗೆ ವಿವಾದವಿದ್ದರೂ ನೋಟ ತಿರುಗಿದ್ದು ಒಳ್ಳೆಯದಾಯಿತು.

ಸ್ಟ್ರೈಡಳದು ಇನ್ನೂ ವಿಚಿತ್ರ. ಆಕೆ 1843ರಲ್ಲಿ ಸ್ವೀಡನ್ನಿನ ಗೊಥೆನ್‌ಬರ್ಗ್ ಬಳಿ ಹುಟ್ಟಿದವಳೆಂದು ಅಲ್ಲಿಯ ಚರ್ಚಿನ ಪುಸ್ತಕ ಹೇಳುತ್ತದೆ. 1878ರಲ್ಲಿ ಥೇಮ್ಸ್ ನದಿಯಲ್ಲಿ 'ಪ್ರಿನ್ಸೆಸ್ ಆ್ಯಲಿಸ್' ಹಡಗು ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರಷ್ಟೆ; ಅದರಲ್ಲಿ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡೆನೆಂದು ಆಕೆ ಕಂಡವರಿಗೆಲ್ಲ ಹೇಳುತ್ತಿದ್ದಳು. ಲಂಡನ್ನಿನ ಸ್ವೀಡಿಷ್ ಚರ್ಚು ಆಕೆಗೆ ಆಗಾಗ ಧರ್ಮದ ಹಣ ಕೊಡುತ್ತಿತ್ತು. ಗಂಡ ಜಾನ್ ಸ್ಟ್ರೈಡನ ಮರಣ ಪಾಪ್ಲರಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿದೆ, ವರ್ಷ 1884.