ಸಿಸೇರಿಯನ್: ಹೆದರಿಕೆಯ ಹಿಂದಿನ ಚರಿತ್ರೆ

2024ರ ನವೆಂಬರ್ ತಿಂಗಳಲ್ಲಿ ಬಳ್ಳಾರಿಯ ಮನೆಗಳಿಗೆ ಸಿಸೇರಿಯನ್ ಎಂಬ ಮಾತೇ ದಿಗಿಲು ತಂದಿತು. 9ರಿಂದ 11ರವರೆಗೆ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಏಳು ಬಾಣಂತಿಯರಿಗೆ ಮೂತ್ರಪಿಂಡ ಮೊದಲಾದ ಅಂಗಗಳು ಕೈಕೊಟ್ಟವು, ಐವರು ತೀರಿಕೊಂಡರು. ಶಂಕೆ ಬಿದ್ದದ್ದು ನರಕ್ಕೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆದರೆ ‘ಆಪರೇಷನ್ನೇ ಕೊಂದಿತು’ ಎಂಬ ಮಾತು ಬಲು ಬೇಗ ಹಬ್ಬುತ್ತದೆ. ಔಷಧದ ದೋಷವನ್ನೂ ಶಸ್ತ್ರಕ್ರಿಯೆಯನ್ನೂ ಬೇರೆ ಮಾಡಿ ನೋಡದಿದ್ದರೆ ಮುಂದಿನ ಬಸುರಿಯ ಜೀವಕ್ಕೇ ಕುತ್ತು.

ಮೊದಲು ಹೆಸರಿನ ವಿಚಾರ. ರೋಮಿನ ಜೂಲಿಯಸ್ ಸೀಸರ್ ಹೀಗೆ ಹುಟ್ಟಿದನೆಂದು ಹೇಳುವುದುಂಟು. ನಂಬುವಂತಿಲ್ಲ, ಮಗ ದೊಡ್ಡವನಾಗುವವರೆಗೂ ಅವನ ತಾಯಿ ಬದುಕಿದ್ದಳು. ಆ ಕಾಲದಲ್ಲಿ ಕೊಯ್ಯುತ್ತಿದ್ದದ್ದು ಸತ್ತ, ಇಲ್ಲವೇ ಸಾಯುತ್ತಿದ್ದ ತಾಯಿಯ ಹೊಟ್ಟೆಯನ್ನು. ಆದರೂ ಕಥೆ ಬಹುದೂರ ಹೋಯಿತು. ಅಲ್ ಬಿರೂನಿಯ ಗ್ರಂಥವೊಂದರ 1307ರ ಹಸ್ತಪ್ರತಿ ಈಗ ಎಡಿನ್‌ಬರೋದಲ್ಲಿದೆ. ಅದರಲ್ಲಿ ಸೀಸರನ ಜನನದ ಚಿತ್ರವಿದೆ. ಫಿರ್ದೌಸಿಯ ಶಾಹನಾಮೆಯಲ್ಲಿ ರುಸ್ತುಮ್ ಹುಟ್ಟುವುದೂ ತಾಯಿಯ ಪಕ್ಕೆ ಸೀಳಿಯೇ. ಅಲ್ಲಿ ತಾಯಿ ಉಳಿಯುತ್ತಾಳೆ, ಆದರೆ ಅದು ಕಾವ್ಯ.

ಫಿಕ್ಹ್‌ನ ಮುಂದೆ ಬಂದ ಪ್ರಶ್ನೆ ನಿಜಜೀವನದ್ದು. ತಾಯಿ ತೀರಿಕೊಂಡು ಮಗು ಹೊಟ್ಟೆಯಲ್ಲಿ ಮಿಸುಕುತ್ತಿದ್ದರೆ? ಮಯ್ಯಿತ್‌ನ ಗೌರವ ಒಂದು ಕಡೆ, ಜೀವ ಇನ್ನೊಂದು ಕಡೆ. ಹನಫಿ ಮತ್ತು ಶಾಫಿಈ ಉಲಮಾಗಳು ಹೊಟ್ಟೆ ತೆರೆದು ಮಗುವನ್ನು ಉಳಿಸಬೇಕೆಂದರು. ಹಂಬಲಿಗಳಲ್ಲಿ ಹಲವರು ಒಪ್ಪಲಿಲ್ಲ.

ಬದುಕಿರುವ ತಾಯಿಯನ್ನು ಕೊಯ್ಯುವುದು ಮಾತ್ರ ಬಹುಕಾಲ ಸಾವಿನ ದಾರಿಯೇ ಆಗಿತ್ತು. 1787ರಿಂದ 1876ರವರೆಗೆ ಪ್ಯಾರಿಸ್ ನಗರದಲ್ಲಿ ಹೀಗೆ ಹೆತ್ತ ಒಬ್ಬ ತಾಯಿಯೂ ಉಳಿಯಲಿಲ್ಲವೆಂಬ ಲೆಕ್ಕವಿದೆ. ಕೊಯ್ದ ಗರ್ಭಕೋಶವನ್ನು ಹೊಲಿಯದೆ ಬಿಡುತ್ತಿದ್ದರು. ರಕ್ತ ಹರಿದು ಇಲ್ಲವೇ ಕೀವಾಗಿ ಸಾಯುತ್ತಿದ್ದರು. 1846ರಲ್ಲಿ ಈಥರ್‌ನ ಅರಿವಳಿಕೆ ಬಂತು. 1867ರಲ್ಲಿ ಲಿಸ್ಟರ್ ಗಾಯವನ್ನು ಸೋಂಕಿನಿಂದ ಕಾಯುವ ಬಗೆ ತಿಳಿಸಿದರು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಂಗರ್ ಗರ್ಭಕೋಶವನ್ನು ಬೆಳ್ಳಿ ತಂತಿ ಮತ್ತು ರೇಷ್ಮೆ ದಾರದಿಂದ ಹೊಲಿಯುವ ಕ್ರಮ ಪ್ರಕಟಿಸಿದರು. ಆಮೇಲೆ ರಕ್ತದಾನ, 1940ರ ದಶಕದಲ್ಲಿ ಪೆನಿಸಿಲಿನ್. ಇವೆಲ್ಲ ಕೂಡಿದ ಮೇಲೆಯೇ ಇಬ್ಬರೂ ಉಳಿಯುವಂತಾಯಿತು. ಇವುಗಳಲ್ಲಿ ಒಂದು ಕೊಂಡಿ ಕೆಟ್ಟರೂ, ಅದು ಒಂದು ಬಾಟಲಿ ದ್ರಾವಣವೇ ಆದರೂ, ಎಲ್ಲವೂ ಕೆಡುತ್ತದೆ.

ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು. ಅದೇ ಪ್ರಾಂತ್ಯದ ತಿಂಡಿವನಂನಲ್ಲಿ 1890ರ ದಶಕದ ಒಂದು ರಾತ್ರಿ ಮೂವರು ಗಂಡಸರು, ಒಬ್ಬರ ಹಿಂದೆ ಒಬ್ಬರು, ಹೆರಿಗೆ ನೋವಿನಲ್ಲಿದ್ದ ಹೆಂಡತಿಗಾಗಿ ಐಡಾ ಸ್ಕಡರ್ ಎಂಬ ಹುಡುಗಿಯನ್ನು ಕರೆಯಲು ಬಂದರು. ಅವರಲ್ಲಿ ಒಬ್ಬರು ಮುಸಲ್ಮಾನರು. ಡಾಕ್ಟರಾಗಿದ್ದವರು ಆಕೆಯ ತಂದೆ. ಗಂಡಸು ಬೇಡವೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಣ್ಣುಮಕ್ಕಳೂ ತೀರಿಕೊಂಡಿದ್ದರು. ಐಡಾ ಡಾಕ್ಟರಾಗಿ ಬಂದು ವೆಲ್ಲೂರಿನ ಆಸ್ಪತ್ರೆ ಕಟ್ಟಿದರು. ಬಳ್ಳಾರಿಗೆ ವೈದ್ಯಕೀಯ ಕಾಲೇಜು ಬಂದದ್ದು 1961ರಲ್ಲಿ. ಇಂದು ಲೇಡಿ ಡಾಕ್ಟರ್ ಬೇಕೆಂದು ಕೇಳುವುದು ತಪ್ಪಲ್ಲ. ಸಿಗದ ಹೊತ್ತಿನಲ್ಲಿ ಕಾಯುತ್ತಾ ಕೂರುವುದು ತಪ್ಪು.

ಏಕೆಂದರೆ ಕೆಲವು ತೊಡಕುಗಳು ಕಾಯುವುದಿಲ್ಲ. ಮಗು ಅಡ್ಡ ಮಲಗಿದ್ದರೆ, ಮಾಸು ಗರ್ಭದ ಬಾಯಿಯನ್ನೇ ಮುಚ್ಚಿದ್ದರೆ, ಹೊಕ್ಕುಳಬಳ್ಳಿ ಮೊದಲೇ ಜಾರಿದರೆ, ಮಗುವಿನ ಎದೆಬಡಿತ ಕುಸಿದರೆ, ಬಿಪಿ ಏರಿ ತಾಯಿಗೆ ಫಿಟ್ಸ್ ಬಂದರೆ ಡಾಕ್ಟರ್ ಆಪರೇಷನ್ ಹೇಳಬಹುದು. ಸಿರುಗುಪ್ಪದಿಂದ ಬಳ್ಳಾರಿಗೆ ಸುಮಾರು 55 ಕಿ.ಮೀ., ಕುರುಗೋಡಿನಿಂದ ಅದರ ಅರ್ಧದಷ್ಟು. ಮನೆಯವರು ಸೇರಿ ತೀರ್ಮಾನಿಸುವಷ್ಟರಲ್ಲಿ ಈ ದಾರಿ ಮುಗಿದಿರಬೇಕು. ಅತ್ತೆ ಒಪ್ಪಬೇಕು, ಗಂಡ ಊರಿನಿಂದ ಬರಬೇಕು ಎಂಬುದೆಲ್ಲ ಎಂಟನೇ ತಿಂಗಳಲ್ಲೇ ಮಾತಾಡಿ ಮುಗಿಸುವ ವಿಷಯ.

ಬೇಡದ ಕಡೆ ಕೊಯ್ಯುವುದೂ ನಿಜವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಪ್ರಮಾಣ ಶೇ. 14.3, ಖಾಸಗಿಯಲ್ಲಿ ಶೇ. 47.4; ಕರ್ನಾಟಕದಲ್ಲಿ ಒಟ್ಟಾರೆ ಶೇ. 31.5. ಪ್ರಮಾಣ ಶೇ. 10 ದಾಟಿದ ಮೇಲೆ ತಾಯಿ-ಮಕ್ಕಳ ಸಾವು ಅದರಿಂದ ಇನ್ನಷ್ಟು ಇಳಿಯುವುದು ಕಂಡಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆದ್ದರಿಂದ ‘ಏಕೆ ಬೇಕು?’ ಎಂದು ಕೇಳಿ, ಕಾರಣವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಒಮ್ಮೆ ಕೊಯ್ದ ಗರ್ಭಕೋಶದ ಹೊಲಿಗೆ ಮುಂದಿನ ಹೆರಿಗೆ ನೋವಿನಲ್ಲಿ ಬಿರಿಯಬಹುದು; ಆ ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಹಳೆಯ ಚೀಟಿ ಜೊತೆಯಲ್ಲಿರಬೇಕು.