ಕಟ್ಟಡಕ್ಕೊಬ್ಬ ಸಂಯೋಜಕ: ಒಂದು ಹೊಣೆಗಾರಿಕೆ ಬೆಳೆದುಬಂದ ಬಗೆ

ನೀವು ದಿನವೂ ಹೋಗಿಬರುವ ಕಾಲೇಜಿನ ಅಥವಾ ವಿಶ್ವವಿದ್ಯಾನಿಲಯದ ಕಟ್ಟಡವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಅದರ ಹಿಂಬದಿಯ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದೆಯೆ? ಹಾಕಿದ್ದರೆ ಬೀಗದ ಕೈ ಯಾರ ಬಳಿ ಇದೆ? ವಿದ್ಯುತ್ತಿನ ಮುಖ್ಯ ಸ್ವಿಚ್ಚು ಎಲ್ಲಿದೆ? ರಸಾಯನಶಾಸ್ತ್ರ ವಿಭಾಗದ ಉಗ್ರಾಣದಲ್ಲಿ ಈ ಹೊತ್ತು ಎಷ್ಟು ಬಾಟಲಿ ಈಥರ್ ಇದೆ? ಗಾಲಿಕುರ್ಚಿಯಲ್ಲಿ ಬರುವ ವಿದ್ಯಾರ್ಥಿ ಮಂಗಳವಾರ ಮಧ್ಯಾಹ್ನ ಯಾವ ಮಹಡಿಯಲ್ಲಿರುತ್ತಾನೆ? ಈ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಪ್ರತಿ ಕಟ್ಟಡದಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರು ಕುಲಪತಿಗಳಲ್ಲ, ಕುಲಸಚಿವರೂ ಅಲ್ಲ. ಬಹಳಷ್ಟು ಸಲ ವಿಭಾಗದ ಮುಖ್ಯಸ್ಥರೂ ಅಲ್ಲ. ಹಳೆಯ ಅಟೆಂಡರೋ, ಪ್ರಯೋಗಾಲಯದ ಸಹಾಯಕರೋ, ಕಚೇರಿಯ ಗುಮಾಸ್ತರೋ ಆಗಿರುತ್ತಾರೆ.

ಬೆಂಕಿ, ಭೂಕಂಪ, ಪ್ರವಾಹ, ರಾಸಾಯನಿಕ ಸೋರಿಕೆ ಮುಂತಾದ ತುರ್ತು ಸಂದರ್ಭಗಳಿಗಾಗಿ ಇಂಥ ಒಬ್ಬರನ್ನು ಮುಂಚಿತವಾಗಿಯೇ ಗುರುತಿಸಿ, ಲಿಖಿತವಾಗಿ ಹೊಣೆ ವಹಿಸುವ ಪದ್ಧತಿ ಹಲವು ದೇಶಗಳ ವಿಶ್ವವಿದ್ಯಾನಿಲಯಗಳಲ್ಲಿದೆ. ಇವರನ್ನು ‘ಕಟ್ಟಡ ಸಂಯೋಜಕ’ ಎನ್ನೋಣ. ಇವರು ಬೆಂಕಿ ಆರಿಸುವವರಲ್ಲ. ಕಟ್ಟಡದಲ್ಲಿರುವವರನ್ನು ಹೊರಗೆ ಕಳಿಸುವುದು, ಗೊತ್ತಾದ ಜಾಗದಲ್ಲಿ ಸೇರಿಸಿ ಎಣಿಸುವುದು, ಅಗ್ನಿಶಾಮಕ ದಳ ಬಂದೊಡನೆ ಒಳಗೆ ಯಾರಿದ್ದಾರೆ, ಏನಿದೆ ಎಂದು ಹೇಳುವುದು ಇವರ ಕೆಲಸ. ಕೇಳಲು ಇಷ್ಟು ಸರಳವಾದ ಈ ಏರ್ಪಾಡು ಯಾರದೋ ಮೇಜಿನ ಮೇಲೆ ಒಂದೇ ದಿನದಲ್ಲಿ ಸಿದ್ಧವಾದದ್ದಲ್ಲ. ಒಂದೊಂದು ದುರಂತವೂ ಅದಕ್ಕೆ ಒಂದೊಂದು ಕಲಂ ಸೇರಿಸಿದೆ.

ಬೀಗ ಹಾಕಿದ ಲಂಡನ್

ಕಥೆಯನ್ನು ಎರಡನೆಯ ಮಹಾಯುದ್ಧದ ಬ್ರಿಟನ್ನಿನಿಂದ ಆರಂಭಿಸಬಹುದು. ವಾಯುದಾಳಿಯ ಭೀತಿಯಿಂದ 1937ರಲ್ಲಿಯೇ ಅಲ್ಲಿ ವಾರ್ಡನ್‌ಗಳ ಸೇವೆ ಆರಂಭವಾಗಿತ್ತು. ತನ್ನ ಬೀದಿಯ ಯಾವ ಮನೆಯಲ್ಲಿ ಎಷ್ಟು ಜನ, ಅವರು ರಾತ್ರಿ ಮಲಗುವುದು ಎಲ್ಲಿ ಎಂಬ ಪಟ್ಟಿ ವಾರ್ಡನ್ ಬಳಿ ಇರುತ್ತಿತ್ತು. ಮನೆ ಕುಸಿದಾಗ ಎಲ್ಲಿ ಅಗೆಯಬೇಕೆಂದು ರಕ್ಷಣಾ ತಂಡಕ್ಕೆ ತೋರಿಸುತ್ತಿದ್ದವನು ಅವನೇ. ಜೆ. ಬಿ. ಎಸ್. ಹಾಲ್ಡೇನ್ ಹೆಸರನ್ನು ಜೀವವಿಜ್ಞಾನದ ಓದುಗರು ಬಲ್ಲರು. ಮುಂದೆ ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಈ ವಿಜ್ಞಾನಿ, ಸ್ಪೇನಿನ ಅಂತರ್ಯುದ್ಧದಲ್ಲಿ ಕಂಡದ್ದನ್ನು ಆಧರಿಸಿ 1938ರಲ್ಲಿ ವಾಯುದಾಳಿ ರಕ್ಷಣೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದರು. ಆಗ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಎರಡು ವರ್ಷಗಳ ನಂತರ, 1940ರ ಸೆಪ್ಟೆಂಬರಿನ ದಾಳಿಯಲ್ಲಿ ಅದೇ ಕಾಲೇಜಿನ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸುಮಾರು 1,00,000 ಪುಸ್ತಕಗಳು ನಾಶವಾದವು.

ಆಗ ಜರ್ಮನ್ ವಿಮಾನಗಳು ಸುರಿಸುತ್ತಿದ್ದ ಬೆಂಕಿಬಾಂಬಿನ ತೂಕ ಕೇವಲ ಒಂದು ಕಿಲೋಗ್ರಾಮ್. ಮೆಗ್ನೀಸಿಯಮ್ ಮಿಶ್ರಲೋಹದ ಕವಚ, ಒಳಗೆ ಥರ್ಮೈಟ್. ಬಿದ್ದ ಮೊದಲ ನಿಮಿಷಗಳಲ್ಲಿ ಒಂದು ಬಕೆಟ್ ಮರಳು, ಒಂದು ಕೈಪಂಪು ಇದ್ದರೆ ಸಾಮಾನ್ಯ ಮನುಷ್ಯನೂ ಅದನ್ನು ಹತೋಟಿಗೆ ತರಬಹುದಿತ್ತು. ಅರ್ಧ ಗಂಟೆ ಕಳೆದರೆ ಇಡೀ ಚಾವಣಿಯೇ ಹೊತ್ತಿಕೊಂಡಿರುತ್ತಿತ್ತು. ಎಂದರೆ ಪ್ರಶ್ನೆ ನೀರಿನದ್ದಾಗಲಿ ಯಂತ್ರದ್ದಾಗಲಿ ಅಲ್ಲ. ಬಾಂಬು ಬಿದ್ದ ಗಳಿಗೆಯಲ್ಲಿ ಆ ಚಾವಣಿಯ ಹತ್ತಿರ ಯಾರಿದ್ದಾರೆ ಎಂಬುದು.

1940ರ ಡಿಸೆಂಬರ್ 29 ಭಾನುವಾರ. ಲಂಡನ್ನಿನ ಹಳೆಯ ವ್ಯಾಪಾರಕೇಂದ್ರದ ಕಚೇರಿಗಳು, ಗೋದಾಮುಗಳು ಬೀಗ ಹಾಕಿಕೊಂಡಿದ್ದವು. ಆ ರಾತ್ರಿ ಸುರಿದ ಬೆಂಕಿಬಾಂಬುಗಳು ಬೀಗ ಹಾಕಿದ ಕಟ್ಟಡಗಳ ಮಾಡಿನ ಮೇಲೆ ನಿಶ್ಚಿಂತೆಯಿಂದ ಉರಿದವು. ಥೇಮ್ಸ್ ನದಿಯಲ್ಲಿ ಇಳಿತದ ಸಮಯ. ನೀರಿನ ಕೊಳವೆಗಳೂ ಒಡೆದಿದ್ದವು. ಇಷ್ಟರ ನಡುವೆಯೂ ಸೇಂಟ್ ಪಾಲ್ ಮಹಾದೇವಾಲಯ ಉಳಿಯಿತು. ಅದಕ್ಕೊಂದು ಸ್ವಯಂಸೇವಕರ ಕಾವಲು ಪಡೆ ಇತ್ತು. ಅವರಲ್ಲಿ ಅನೇಕರು ವಾಸ್ತುಶಿಲ್ಪಿಗಳು. ಗುಮ್ಮಟದ ಸಂದುಗೊಂದು, ಕಿರುಮೆಟ್ಟಿಲುಗಳನ್ನೆಲ್ಲ ಕತ್ತಲಲ್ಲೂ ನಡೆದು ರೂಢಿಸಿಕೊಂಡವರು. ಕೊಳವೆಗಳನ್ನು ನಂಬದೆ ತೊಟ್ಟಿ, ಬಕೆಟ್ಟುಗಳಲ್ಲಿ ನೀರು ತುಂಬಿ ಅಲ್ಲಲ್ಲಿ ಇಟ್ಟಿದ್ದರು. ಆ ರಾತ್ರಿಯ ಹೊಗೆಯ ನಡುವೆ ಎದ್ದುನಿಂತ ಗುಮ್ಮಟದ ಛಾಯಾಚಿತ್ರ ಲೋಕಪ್ರಸಿದ್ಧ. ಅದನ್ನು ಪವಾಡವೆಂದು ಕರೆದವರು ಆ ಬಕೆಟ್ಟುಗಳನ್ನು ಮರೆತಿದ್ದರು.

ಮರುತಿಂಗಳೇ, 1941ರ ಜನವರಿಯಲ್ಲಿ, ಬ್ರಿಟಿಷ್ ಸರ್ಕಾರ ಬೆಂಕಿ ಕಾವಲನ್ನು ಕಡ್ಡಾಯ ಮಾಡಿತು. 16ರಿಂದ 60 ವರ್ಷದ ಗಂಡಸರು ತಿಂಗಳಿಗೆ 48 ಗಂಟೆ ಈ ಕೆಲಸಕ್ಕೆ ಸಿದ್ಧರಿರಬೇಕಾಗಿತ್ತು. ಪ್ರತಿ ಕಟ್ಟಡಕ್ಕೂ ಅದನ್ನು ಬಲ್ಲ ಒಬ್ಬರು ಹೊಣೆಗಾರರು ಬೇಕೆಂಬ ವಿಚಾರ ಹೀಗೆ ಕಾನೂನಾಯಿತು.

ಕ್ಯಾಲಿಫೋರ್ನಿಯಾದ ಪಾಠ

ಯುದ್ಧ ಮುಗಿದ ಮೇಲೆ ವಾರ್ಡನ್‌ಗಳು ಮನೆಗೆ ಹೋದರು. ವಿಚಾರ ಮತ್ತೆ ಬಿರುಸು ಪಡೆದದ್ದು ಭೂಕಂಪಗಳ ನಾಡಾದ ಕ್ಯಾಲಿಫೋರ್ನಿಯಾದಲ್ಲಿ. 1933ರ ಲಾಂಗ್ ಬೀಚ್ ಭೂಕಂಪದಲ್ಲಿ ಶಾಲೆಗಳು ಕುಸಿದಾಗ ಅಲ್ಲಿ ಒಂದೇ ತಿಂಗಳಲ್ಲಿ ಫೀಲ್ಡ್ ಕಾಯಿದೆ ಬಂದು, ಸರ್ಕಾರಿ ಶಾಲಾಕಟ್ಟಡಗಳು ಭೂಕಂಪ ತಡೆಯುವಂತಿರಬೇಕೆಂದು ವಿಧಿಸಿತು. ವಿಶ್ವವಿದ್ಯಾನಿಲಯಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಕ್ರೀಡಾಂಗಣವಂತೂ ಹೇವರ್ಡ್ ಸ್ತರಭಂಗದ ನೆತ್ತಿಯ ಮೇಲೆಯೇ ಕುಳಿತಿದೆ!

1985ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ನಗರ ನಡುಗಿತು. ಅವಶೇಷಗಳಡಿ ಸಿಲುಕಿದ ಸುಮಾರು 800 ಮಂದಿಯನ್ನು ತರಬೇತಿಯಿಲ್ಲದ ಸಾಮಾನ್ಯ ಜನರೇ ಹೊರತೆಗೆದರು. ಆ ಪ್ರಯತ್ನದಲ್ಲಿ ಅವರಲ್ಲೇ ನೂರರಷ್ಟು ಜನ ಸತ್ತರು. ಜನ ಹೇಗೂ ಸಹಾಯಕ್ಕೆ ನುಗ್ಗುತ್ತಾರೆ, ತಡೆಯಲಾಗದು. ಆದ್ದರಿಂದ ಅವರಿಗೆ ಮೊದಲೇ ಕಲಿಸುವುದು ಮೇಲು ಎಂದು ಲಾಸ್ ಏಂಜಲೀಸ್ ಅಗ್ನಿಶಾಮಕ ಇಲಾಖೆ ತೀರ್ಮಾನಿಸಿ, ಬಡಾವಣೆ ಹಾಗೂ ಕೆಲಸದ ಸ್ಥಳಗಳಲ್ಲಿ ತುರ್ತು ತಂಡಗಳಿಗೆ ತರಬೇತಿ ಕೊಡಲು ಶುರುಮಾಡಿತು. ಮುಂದೆ 1995ರಲ್ಲಿ ಜಪಾನಿನ ಕೋಬೆ ಭೂಕಂಪವೂ ಇದನ್ನೇ ಸಾರಿತು. ಅಲ್ಲಿ ಅವಶೇಷಗಳಿಂದ ಪಾರಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರನ್ನು ಎಳೆದು ತೆಗೆದದ್ದು ನೆರೆಹೊರೆಯವರು.

1989ರ ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ 6.9 ಪರಿಮಾಣದ ಲೋಮಾ ಪ್ರಿಯೆಟಾ ಭೂಕಂಪ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಎಷ್ಟೋ ಕಟ್ಟಡಗಳಿಗೆ ಹಾನಿ ಮಾಡಿತು. 1906ರ ಭೂಕಂಪದಲ್ಲಿ ಪೆಟ್ಟು ತಿಂದಿದ್ದ ಅಲ್ಲಿನ ವಸ್ತುಸಂಗ್ರಹಾಲಯ ಮತ್ತೆ ಮುಚ್ಚಿತು. ಬಾಗಿಲು ತೆರೆದದ್ದು 1999ರಲ್ಲಿ. 1994ರ ಜನವರಿ 17ರ ನಸುಕಿನಲ್ಲಿ ನಾರ್ತ್‌ರಿಜ್ ಭೂಕಂಪ ಬಂದಾಗ ಆ ಊರಿನ ವಿಶ್ವವಿದ್ಯಾನಿಲಯ ಕೇಂದ್ರಬಿಂದುವಿಗೆ ತೀರ ಹತ್ತಿರವಿತ್ತು. ವಾಹನ ನಿಲುಗಡೆಯ ಹೊಸ ಕಾಂಕ್ರೀಟ್ ಕಟ್ಟಡ ಕುಸಿಯಿತು. ವಿಜ್ಞಾನ ವಿಭಾಗದಲ್ಲಿ ರಾಸಾಯನಿಕಗಳು ಚೆಲ್ಲಿ ಬೆಂಕಿ ಹೊತ್ತಿತು. ರಜೆಯ ದಿನ, ಬೆಳಗಿನ ಜಾವ ನಾಲ್ಕೂವರೆ, ಆವರಣದಲ್ಲಿ ಜನರಿರಲಿಲ್ಲ. ಅದೇ ಭೂಕಂಪ ಯಾವುದಾದರೂ ಕೆಲಸದ ದಿನ ಹನ್ನೊಂದು ಗಂಟೆಗೆ ಬಂದಿದ್ದರೆ? ಪ್ರಯೋಗಾಲಯದ ಕಪಾಟಿನಲ್ಲಿರುವ ವಸ್ತು ಸೋಡಿಯಮ್ಮೋ ಆಲ್ಕೊಹಾಲೋ ಎಂದು ತಿಳಿಯದೆ ಅಗ್ನಿಶಾಮಕರು ನೀರು ಹಾಯಿಸಲಾರರು. ಸೋಡಿಯಮ್ಮಿಗೆ ನೀರು ಬಿದ್ದರೆ ಹೈಡ್ರೋಜನ್ ಹೊಮ್ಮಿ ಬೆಂಕಿ ಇಮ್ಮಡಿಯಾಗುತ್ತದೆ. ಆ ಮಾಹಿತಿ ನಗರದ ಅಗ್ನಿಶಾಮಕ ಠಾಣೆಯಲ್ಲಿ ಇರುವುದಿಲ್ಲ. ಆಯಾ ಕಟ್ಟಡದಲ್ಲಿಯೇ ಇರುತ್ತದೆ.

ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಕಟ್ಟಡ ಸಂಯೋಜಕ ಎಂಬ ಹೆಸರು ಮೊದಲೇ ಬಳಕೆಯಲ್ಲಿತ್ತು. ಆದರೆ ಸೋರುವ ನಲ್ಲಿ, ಕೆಟ್ಟ ದೀಪ, ಕಳೆದ ಬೀಗದ ಕೈ ಇವೇ ಅವರ ಕೆಲಸ. ತುರ್ತು ಸನ್ನದ್ಧತೆಯ ಹೊಣೆಯನ್ನು ಹೊಸಬರಿಗೆ ಕೊಡದೆ ಇವರಿಗೇ ವಹಿಸಿದ್ದು ಜಾಣತನ ಎಂಬುದು ನನ್ನ ಅನಿಸಿಕೆ. ನಲ್ಲಿ ದುರಸ್ತಿಗೆ ಓಡಾಡುವವನಿಗೆ ನೀರಿನ ವಾಲ್ವು ಎಲ್ಲಿದೆ ಎಂದು ಹೇಳಿಕೊಡಬೇಕಾಗಿಲ್ಲ. ನೆಲಮಾಳಿಗೆಯಲ್ಲಿ ಏನಿದೆ ಎಂಬುದನ್ನೂ ಅಂಥವರೇ ಬಲ್ಲರು. 2001ರ ಜೂನ್ ತಿಂಗಳಲ್ಲಿ ಆಲಿಸನ್ ಚಂಡಮಾರುತದ ಮಳೆ ಹ್ಯೂಸ್ಟನ್ನಿನ ವೈದ್ಯಕೀಯ ಸಂಸ್ಥೆಗಳ ನೆಲಮಾಳಿಗೆಗಳಿಗೆ ನುಗ್ಗಿದಾಗ ಬೇಲರ್ ವೈದ್ಯಕೀಯ ಕಾಲೇಜೊಂದರಲ್ಲೇ ಸುಮಾರು 30,000 ಪ್ರಯೋಗದ ಇಲಿಗಳು ಸತ್ತು, ವರ್ಷಗಳ ಸಂಶೋಧನೆ ನೀರುಪಾಲಾಯಿತು.

ಗಂಟೆ ಬಾರಿಸಿದರೆ ಸಾಲದು

ಸ್ವಯಂಚಾಲಿತ ಎಚ್ಚರಿಕೆಯ ಗಂಟೆ ಇದ್ದಮೇಲೆ ಮನುಷ್ಯನೇಕೆ ಎಂದು ನೀವು ಕೇಳಬಹುದು. ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾನಿಲಯದ ಒಂದು ವಿದ್ಯಾರ್ಥಿನಿಲಯದಲ್ಲಿ 1999ರ ಸೆಪ್ಟೆಂಬರಿನಿಂದ ನಾಲ್ಕೂವರೆ ತಿಂಗಳಲ್ಲಿ 18 ಸಲ ಸುಳ್ಳು ಗಂಟೆ ಬಾರಿಸಿತ್ತು. 2000ದ ಜನವರಿ 19ರ ಬೆಳಗಿನ ಜಾವ ಗಂಟೆ ಮತ್ತೆ ಬಾರಿಸಿದಾಗ ಎಷ್ಟೋ ವಿದ್ಯಾರ್ಥಿಗಳು ಇದೂ ಸುಳ್ಳೆಂದುಕೊಂಡು ಹಾಸಿಗೆ ಬಿಡಲಿಲ್ಲ. ಅಂದಿನ ಬೆಂಕಿ ನಿಜವಾಗಿತ್ತು. ಮೂವರು ವಿದ್ಯಾರ್ಥಿಗಳು ಸತ್ತರು. ಪದೇ ಪದೇ ಸುಳ್ಳು ಹೇಳುವ ಯಂತ್ರವನ್ನು ಜನ ನಂಬುವುದಿಲ್ಲ. ಬಾಗಿಲು ತಟ್ಟಿ ಹೆಸರು ಹಿಡಿದು ಕೂಗುವವನನ್ನು ನಂಬುತ್ತಾರೆ.

2007ರ ಏಪ್ರಿಲ್ 16ರ ವರ್ಜೀನಿಯಾ ಟೆಕ್ ಘಟನೆ ಇನ್ನೊಂದು ಬಗೆಯದು. ಬೆಳಿಗ್ಗೆ ಸುಮಾರು 7.15ಕ್ಕೆ ವಿದ್ಯಾರ್ಥಿನಿಲಯವೊಂದರಲ್ಲಿ ಇಬ್ಬರ ಕೊಲೆಯಾಯಿತು. ಆವರಣದವರಿಗೆಲ್ಲ ಇ-ಮೇಲ್ ಹೋದದ್ದು 9.26ಕ್ಕೆ. ಸ್ವಲ್ಪ ಹೊತ್ತಿನಲ್ಲೇ ಅದೇ ಹಂತಕ ನಾರಿಸ್ ಹಾಲ್ ಎಂಬ ಇಂಜಿನಿಯರಿಂಗ್ ಕಟ್ಟಡದಲ್ಲಿ 30 ಮಂದಿಯನ್ನು ಕೊಂದ. ಅವರಲ್ಲೊಬ್ಬರು ತಮಿಳುನಾಡಿನಲ್ಲಿ ಹುಟ್ಟಿದ ಜಲವಿಜ್ಞಾನದ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್. ಚರ್ಚೆಯೆಲ್ಲ ತಡವಾದ ಇ-ಮೇಲಿನ ಸುತ್ತ ನಡೆಯಿತು. 2008ರಲ್ಲಿ ಅಮೆರಿಕದ ಕಾನೂನು ತಿದ್ದುಪಡಿಯಾಗಿ, ಅಪಾಯ ಖಚಿತವಾದ ಕೂಡಲೇ ಆವರಣಕ್ಕೆಲ್ಲ ಎಚ್ಚರಿಕೆ ಕೊಡಬೇಕೆಂದು ವಿಧಿಸಲಾಯಿತು. ಮೊಬೈಲ್ ಸಂದೇಶದ ವ್ಯವಸ್ಥೆಗಳು ಎಲ್ಲೆಡೆ ಬಂದವು.

ಆದರೆ ತನಿಖಾ ಸಮಿತಿಯ ವರದಿಯಲ್ಲಿರುವ ಒಂದು ಚಿಕ್ಕ ಸಂಗತಿ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಗುಂಡಿನ ದಾಳಿಗೆ ಮುನ್ನ ಹಂತಕ ನಾರಿಸ್ ಹಾಲಿನ ಮೂರು ಮುಖ್ಯ ಬಾಗಿಲುಗಳಿಗೆ ಒಳಗಿನಿಂದ ಸರಪಳಿ ಬಿಗಿದಿದ್ದ. ಅದನ್ನು ಕಂಡವರಿದ್ದರು! ಒಬ್ಬ ವಿದ್ಯಾರ್ಥಿನಿ ಯಾವುದೋ ಕಟ್ಟಡ ಕಾಮಗಾರಿ ಇರಬೇಕೆಂದು ತಿಳಿದು ಕಿಟಕಿಯ ಮೂಲಕ ಒಳಹೋದಳು. ಬಾಗಿಲು ತೆರೆದರೆ ಬಾಂಬು ಸಿಡಿಯುತ್ತದೆ ಎಂಬ ಚೀಟಿ ಬೋಧಕರೊಬ್ಬರ ಕಣ್ಣಿಗೆ ಬಿತ್ತು. ಅವರು ಅದನ್ನು ಮೂರನೆಯ ಮಹಡಿಯಲ್ಲಿದ್ದ ಡೀನರ ಕಚೇರಿಗೆ ಒಯ್ದರು. ಅಲ್ಲಿಂದ ಪೊಲೀಸರಿಗೆ ಫೋನ್ ಮಾಡುವಷ್ಟರಲ್ಲಿ ಗುಂಡಿನ ಸದ್ದು ಕೇಳಿಸಿತು. ಕಂಡವರು ಯಾರೂ ದಡ್ಡರಲ್ಲ. ಬಾಗಿಲಿನಲ್ಲಿ ಸರಪಳಿ ಕಂಡರೆ ಥಟ್ಟನೆ ಯಾರಿಗೆ ಹೇಳಬೇಕು ಎಂಬುದು ಅವರ ರೂಢಿಯಲ್ಲಿರಲಿಲ್ಲ, ಅಷ್ಟೆ. ಸಂಯೋಜಕನೊಬ್ಬ ಇದ್ದಿದ್ದರೆ ದುರಂತ ತಪ್ಪುತ್ತಿತ್ತೆಂದು ಯಾರೂ ಹೇಳಲಾರರು. ‘ಇವತ್ತು ಕಾಮಗಾರಿ ಇಲ್ಲ’ ಎಂಬುದಾದರೂ ಅವನಿಗೆ ಗೊತ್ತಿರುತ್ತಿತ್ತು.

ನಮ್ಮಲ್ಲಿ

ನಮ್ಮ ದೇಶದಲ್ಲಿ ವಾರ್ಡನ್ ಪದ್ಧತಿ ಹೊಸದಲ್ಲ. 1968ರ ನಾಗರಿಕ ರಕ್ಷಣಾ ಕಾಯಿದೆಯಡಿ ನಗರಗಳಲ್ಲಿ ವಾರ್ಡನ್‌ಗಳ ಸೇವೆ ಇದೆ. 2025ರ ಮೇ 7ರಂದು ದೇಶದ ಹಲವೆಡೆ ಸೈರನ್ ಮೊಳಗಿಸಿ ಅಣಕು ಕಾರ್ಯಾಚರಣೆ ನಡೆಸಿದ್ದು ನಿಮಗೆ ನೆನಪಿರಬಹುದು. ವಿಪತ್ತು ನಿರ್ವಹಣಾ ಕಾಯಿದೆ ಬಂದದ್ದು 2005ರ ಡಿಸೆಂಬರಿನಲ್ಲಿ. ಅದು ರಾಷ್ಟ್ರ, ರಾಜ್ಯ, ಜಿಲ್ಲೆಗಳಲ್ಲಿ ಪ್ರಾಧಿಕಾರಗಳನ್ನು ಮಾಡಿ, ಸ್ಥಳೀಯ ಸಂಸ್ಥೆಗಳವರೆಗೆ ಇಳಿದು ಬರುತ್ತದೆ. ಕಟ್ಟಡದ ಬಾಗಿಲಿಗೆ ಬರುವುದಿಲ್ಲ. ಕಾಕತಾಳೀಯವೋ ಏನೋ, ಅದೇ ತಿಂಗಳ 28ರ ಸಂಜೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಟಾಟಾ ಸಭಾಂಗಣದ ಹೊರಗೆ ಗುಂಡಿನ ದಾಳಿ ನಡೆದು, ಸಮ್ಮೇಳನಕ್ಕೆ ಬಂದಿದ್ದ ದೆಹಲಿ ಐಐಟಿಯ ಗಣಿತ ಪ್ರಾಧ್ಯಾಪಕ ಎಂ. ಸಿ. ಪುರಿ ಪ್ರಾಣ ಕಳೆದುಕೊಂಡರು. 2018ರ ಡಿಸೆಂಬರ್ 5ರಂದು ಅದೇ ಸಂಸ್ಥೆಯ ಪ್ರಯೋಗಾಲಯವೊಂದರಲ್ಲಿ ಸಿಲಿಂಡರು ಸ್ಫೋಟಿಸಿ ಒಬ್ಬರು ಸತ್ತು ಮೂವರು ಗಾಯಗೊಂಡರು. ಗುಂಡು, ಅನಿಲ ಎರಡೂ ಒಂದೇ ಆವರಣದಲ್ಲಿ ಸಂಭವಿಸಿದವೆಂಬುದನ್ನು ಗಮನಿಸಿ. ಯಾವ ಅಪಾಯ ಬರುತ್ತದೆಂದು ಮೊದಲೇ ಹೇಳಲಾಗದು. ಬಾಗಿಲು ಯಾವುದು, ಒಳಗಿರುವವರು ಯಾರು ಎಂಬುದನ್ನು ಹೇಳಬಹುದು.

ಕಟ್ಟಡದ ಮಟ್ಟಕ್ಕೆ ಇಳಿಯುವ ಮಾತು ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆ. ಎತ್ತರದ ಕಟ್ಟಡಗಳಲ್ಲಿ ಮಹಡಿಗೊಬ್ಬರು ಅಗ್ನಿ ವಾರ್ಡನ್, ಅವರಿಗೊಬ್ಬರು ಸಹಾಯಕರು, ಜನರನ್ನು ತೆರವುಗೊಳಿಸಲು ಮೇಲ್ವಿಚಾರಕರು ಇರಬೇಕೆಂದೂ, ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಅನಂತರ ಆರು ತಿಂಗಳಿಗೊಮ್ಮೆ ತಾಲೀಮು ನಡೆಸಬೇಕೆಂದೂ ಅದು ಹೇಳುತ್ತದೆ. ಎತ್ತರದ ಕಟ್ಟಡವೆಂದರೆ 15 ಮೀಟರು ಮತ್ತು ಅದಕ್ಕೆ ಮೇಲ್ಪಟ್ಟದ್ದು. ನಮ್ಮ ಬಹುಪಾಲು ಕಾಲೇಜು ಕಟ್ಟಡಗಳು ಎರಡು ಮೂರು ಅಂತಸ್ತಿನವು. ಹೀಗಾಗಿ ಈ ಮಾತು ಅವನ್ನು ಮುಟ್ಟುವುದಿಲ್ಲ. ಪ್ರಯೋಗಾಲಯ ಮಾತ್ರ ನೆಲಮಟ್ಟದಲ್ಲಿದ್ದರೂ ಅಷ್ಟೇ ಅಪಾಯಕಾರಿ.

ಇನ್ನು ನೇಮಕದ ಸಂಗತಿ. ನಮ್ಮಲ್ಲಿ ಇಂಥ ಹೊಣೆ ಹಿರಿತನದ ಪ್ರಕಾರ ಹೋಗುವುದು ರೂಢಿ. ಮುಖ್ಯಸ್ಥರು ಅಧ್ಯಕ್ಷರು, ಉಳಿದವರು ಸದಸ್ಯರು, ಒಂದು ಸುತ್ತೋಲೆ, ಒಂದು ಸಭೆ, ಚಹಾ! ಮುಖ್ಯಸ್ಥರು ಅರ್ಧ ದಿನ ಸಭೆಗಳಲ್ಲಿ, ಇನ್ನರ್ಧ ದಿನ ಬೇರೆ ಊರುಗಳಲ್ಲಿ ಇರುತ್ತಾರೆ. ಲಂಡನ್ನಿನ ಅನುಭವ ಹೇಳುವುದು ಬೇರೆ: ಬೆಳಿಗ್ಗೆ ಬಾಗಿಲು ತೆರೆಯುವವರು ಮತ್ತು ಸಂಜೆ ಮುಚ್ಚುವವರು ಬೇಕು. ಒಬ್ಬರಲ್ಲ, ಕನಿಷ್ಠ ಇಬ್ಬರು. ರಜೆಯ ಮೇಲೆ ಹೋದವರ ಜೇಬಿನಲ್ಲಿ ಬೀಗದ ಕೈ ಉಳಿಯಬಾರದು. ‘ಹೊರಗೆ ನಡೆಯಿರಿ’ ಎಂದು ಪ್ರಾಧ್ಯಾಪಕರಿಗೂ ಹೇಳುವ ಅಧಿಕಾರ ಅಟೆಂಡರಿಗೆ ಲಿಖಿತವಾಗಿ ಇರಬೇಕು. ಇಲ್ಲವಾದರೆ ಗಂಟೆ ಬಾರಿಸಿದಾಗ ಅವರು ಸಾಹೇಬರ ಅಪ್ಪಣೆಗಾಗಿ ಕೋಣೆಯ ಹೊರಗೆ ಕಾದು ನಿಲ್ಲುತ್ತಾರೆ. ವರ್ಗಾವಣೆ, ನಿವೃತ್ತಿಗಳಿಂದ ಹೆಸರುಗಳು ಬೇಗ ಹಳತಾಗುವುದರಿಂದ ಪ್ರತಿ ವರ್ಷ ತರಗತಿಗಳು ಆರಂಭವಾಗುವ ವಾರದಲ್ಲಿ ಪಟ್ಟಿಯನ್ನು ತಿದ್ದಿ, ಮುಖ್ಯ ಬಾಗಿಲ ಪಕ್ಕದ ಫಲಕದಲ್ಲಿ ದೂರವಾಣಿ ಸಂಖ್ಯೆಯೊಡನೆ ಹಾಕಬೇಕಾಗುತ್ತದೆ.